ನಿಂತು ತೋರಿಸಿದ ಸೀರೆ

ನಾವುಂದ
9 ಜೂನ್ 2025

ಪ್ರೀತಿಯ ಅಮಿತಾ,

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಆಮೇಲೆ ಗೊತ್ತಿರಲಿಲ್ಲ ಎನ್ನಬೇಡ. ಮುಂಬಯಿಯಲ್ಲಿ ನನ್ನ ಕೈ ಕೆಳಗೆ ನಾಲ್ಕು ಸಾವಿರ ಜನ ಕೆಲಸ ಮಾಡಿದ್ದಾರೆ. ನನ್ನ ಅಪ್ಪಣೆ ಇಲ್ಲದೆ ಅವರಲ್ಲಿ ಒಬ್ಬನೂ ಸೀನುತ್ತಿರಲಿಲ್ಲ. ನಾನು ಹೋಟೆಲು ಬಿಟ್ಟು ಊರಿಗೆ ಹೊರಟ ದಿನ ಘಾಟ್ಕೋಪರ್ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಅರ್ಧ ಗಂಟೆ ಹೊರಡಲೇ ಇಲ್ಲ. ಡ್ರೈವರಿಗೆ ಅಳು ತಡೆಯಲಾಗಲಿಲ್ಲವಂತೆ. ಜನರನ್ನು ನಡೆಸುವ ವಿದ್ಯೆ ನಮ್ಮ ಮನೆತನದಲ್ಲೇ ಇದೆ, ನೀನು ಹೆದರಬಾರದು ಎಂದು ಹೇಳಲು ಇಷ್ಟು ಬರೆದೆ.

ನಿನ್ನ ಅಮ್ಮ ಉಮಾವತಿ ನಿನ್ನೆ ಕಿರಿಮಂಜೇಶ್ವರದಿಂದ ಕೊಡೆ ಹಿಡಿದುಕೊಂಡು ಬಂದಳು. ಅಂಗಳಕ್ಕೆ ಕಾಲಿಡುವ ಮೊದಲೇ ಕೂಗು: “ಹ್ವಾಯ್ ಅಣ್ಣ, ಅಮಿತಾಗೆ ಪ್ರಮೋಷನ್ ಆಯ್ತ್! ಸೀರಿ ಮಾಳ್ಗಿ ಪೂರಾ ಅವ್ಳ್ ಕೈಯಗಂಬ್ರ್!” ಬ್ರಹ್ಮಾವರದಂಥ ಪೇಟೆ, ಅಲ್ಲಿ ಅಷ್ಟು ದೊಡ್ಡ ಜವಳಿ ಅಂಗಡಿ, ಅದರ ಸೀರೆ ಮಹಡಿಗೆ ನನ್ನ ತಂಗಿಯ ಮಗಳು ಇನ್‌ಚಾರ್ಜ್! ನಾನು ಆಗಲೇ ನಾವುಂದ ಪೇಟೆಗೆ ಹೋಗಿ ಅಂಗಡಿಯೇ ನಿನ್ನದೆಂದು ಹೇಳಿ ಬಂದಿದ್ದೇನೆ. ಯಾರಾದರೂ ಕೇಳಿದರೆ ಹೌದು ಎನ್ನು.

ನನಗೆ ಫೋನಿನಲ್ಲಿ ಕಿವಿ ಕೇಳುವುದಿಲ್ಲವೆಂದು ಮನೆಯಲ್ಲಿ ಎಲ್ಲರೂ ಸುಳ್ಳು ಹಬ್ಬಿಸಿದ್ದಾರೆ. ಕೇಳುತ್ತದೆ. ಈಗಿನ ಜನ ಬಾಯಿ ಬಿಟ್ಟು ಮಾತಾಡುವುದಿಲ್ಲ, ಅಷ್ಟೇ. ಅದಕ್ಕೇ ಬರೆಯುತ್ತಿದ್ದೇನೆ. ಬೈಂದೂರು–ಉಡುಪಿ ಬಸ್ಸಿನ ಕಂಡಕ್ಟರ್ ಗೋಪಿಯ ಕೈಯಲ್ಲಿ ಕಾಗದ ಕೊಟ್ಟಿದ್ದೇನೆ. ನೀನೂ ಅವನ ಕೈಯಲ್ಲೇ ಕೊಡು. ಅಂಚೆಗಿಂತ ಬೇಗ ಬರುತ್ತದೆ, ಜೊತೆಗೆ ಊರಿನ ಸುದ್ದಿ ಪುಕ್ಕಟೆ.

ಆಳುವವರಿಗೆ ನನ್ನ ಉಪದೇಶ ಇಷ್ಟೇ. ಬೈಯುವುದಿದ್ದರೆ ಒಬ್ಬರನ್ನೇ ಕರೆದು ಬೈ. ಊಟದ ಹೊತ್ತಿಗೆ ಎಲ್ಲರ ಡಬ್ಬಿಯಲ್ಲಿ ಏನಿದೆ ಅಂತ ಒಮ್ಮೆ ನೋಡು. ಬಂಗುಡೆ ಇದ್ದರೆ ಕೇಳಿ ತಿನ್ನು, ಗಂಜಿ ಮಾತ್ರ ಇದ್ದರೆ ನಿನ್ನ ಪಲ್ಯ ಆ ಕಡೆ ಸರಿಸು. ನಾಲ್ಕು ಸಾವಿರ ಜನರನ್ನು ನಾನು ನಡೆಸಿದ್ದು ಇಷ್ಟರಲ್ಲೇ.

ನಿನ್ನ ಮಾವ,
ಮಂಜಯ್ಯ (ಮುಂಬಯಿ)


ಬ್ರಹ್ಮಾವರ
22 ಜೂನ್ 2025

ಮಾವನಿಗೆ ಅಮಿತಾಳ ನಮಸ್ಕಾರ.

ನಿಮ್ಮ ಕಾಗದ ಓದಿ ನಕ್ಕೆ. ನಕ್ಕು ತುಂಬ ದಿನವಾಗಿತ್ತು.

ಇನ್‌ಚಾರ್ಜ್ ಆದದ್ದು ನಿಜ. ಮೊದಲಿದ್ದವರು ಹೇಳದೆ ಕೇಳದೆ ಬಿಟ್ಟು ಹೋದರು, ಧಣಿ ರಾಜೇಂದ್ರ ನನ್ನನ್ನು ಕರೆದು ಬೀಗದ ಕೈ ಕೊಟ್ಟರು. ಯಾಕೆ ಬಿಟ್ಟರೆಂದು ಈಗ ಗೊತ್ತಾಗುತ್ತಿದೆ.

ಮಾವ, ಇಲ್ಲಿ ಬಾಗಿಲು ತೆರೆದಾಗಿನಿಂದ ಮುಚ್ಚುವವರೆಗೆ ಕೆಲಸದವರು ಯಾರೂ ಕೂತುಕೊಳ್ಳುವ ಹಾಗಿಲ್ಲ. ಗಿರಾಕಿಗಳಿಗೆ ಕುರ್ಚಿ ಇದೆ, ನಮಗೆ ಇಲ್ಲ. ಗಿರಾಕಿ ಇಲ್ಲದ ಹೊತ್ತಿನಲ್ಲೂ ಇಲ್ಲ. ಮೂಲೆಮೂಲೆಗೆ ಕ್ಯಾಮೆರಾ. ಧಣಿ ಮನೆಯಲ್ಲಿ ಊಟ ಮಾಡುತ್ತ ಮೊಬೈಲಿನಲ್ಲಿ ನೋಡುತ್ತಿರುತ್ತಾರೆ. ಕೌಂಟರಿನ ಫೋನು ಹೊಡೆದರೆ ಎಲ್ಲರೂ ಬೆನ್ನು ನೆಟ್ಟಗೆ ಮಾಡುತ್ತಾರೆ. “ಎರಡ್ನೇ ಕೌಂಟರಂಗೆ ಯಾರ್ ಕೂತದ್ದ್? ಹೆಸ್ರ್ ಬರಿ.” ಬರೆಯುವುದು ನನ್ನ ಕೆಲಸ. ಹೆಸರು ಬರೆಸಿಕೊಂಡವರಿಗೆ ಆ ವಾರದ ರಜೆ ಇಲ್ಲ.

ಅಪ್ಪಿಯಕ್ಕನ ವಿಷಯ ಅಮ್ಮ ಹೇಳಿರಬಹುದು. ನಾನು ಏನೂ ಗೊತ್ತಿಲ್ಲದೆ ಬಂದಾಗ ಸೀರೆ ಬಿಡಿಸಿ ಸೆರಗು ಹರಡುವುದು, ಮತ್ತೆ ಅದೇ ಗೆರೆಯಲ್ಲಿ ಮಡಚುವುದು ಎಲ್ಲ ಕಲಿಸಿದವರು ಅವರು. ಈಗ ನಾನು ಅವರ ಮೇಲಿನವಳು. ಅವರ ಕಾಲು ಮಧ್ಯಾಹ್ನದ ಹೊತ್ತಿಗೆ ಬಾತು ಚಪ್ಪಲಿಯ ಪಟ್ಟಿ ಒಳಗೆ ಹೂತು ಹೋಗುತ್ತದೆ. ಹಿಂದುಗಡೆ, ಖಾಲಿ ರಟ್ಟಿನ ಪೆಟ್ಟಿಗೆಯ ಮೇಲೆ ಒಂಚೂರು ಕೂರುತ್ತಾರೆ. ನಾನು ನೋಡದ ಹಾಗೆ ಮಾಡುತ್ತೇನೆ. ಮೊನ್ನೆ ಅಕ್ಕು ಎಂಬ ಹುಡುಗಿ ಎದುರೇ ಕೇಳಿದಳು: “ಅಪ್ಪಿಯಕ್ಕಂಗೊಂದ್ ನ್ಯಾಯ, ನಮ್ಗೊಂದ್ ನ್ಯಾಯವಾ ಅಮಿತಕ್ಕ? ನಮ್ ಕಾಲೆಂತ ಮರದ್ದಾ?” ಒಬ್ಬರ ಮೇಲೆ ದಯೆ ತೋರಿಸಿದರೆ ಅದು ಉಳಿದವರಿಗೆ ಅನ್ಯಾಯವಾಗಿ ಕಾಣುತ್ತದೆ.

ನಾವೆಲ್ಲ ಉಳಿಯುವುದು ಅಂಗಡಿಯ ಮೇಲಿನ ಮಹಡಿಯಲ್ಲೇ. ಕೆಳಗಿಳಿದರೆ ಕೆಲಸ, ಮೇಲೆ ಹತ್ತಿದರೆ ಚಾಪೆ. ಸಂಜೆ ಕೆಳಗಿನ ಷಟರ್ ಎಳೆದರೆ ಹೊರಗೆ ಹೋಗುವ ದಾರಿಯೇ ಇಲ್ಲ. ಮೊಬೈಲು ಬೆಳಿಗ್ಗೆ ಡಬ್ಬಿಗೆ ಹಾಕಬೇಕು. ಬಿಟ್ಟು ಹೋಗೋಣವೆಂದರೆ, ಸೇರುವಾಗ ನನ್ನ ಒರಿಜಿನಲ್ ಅಂಕಪಟ್ಟಿಗಳನ್ನು ಧಣಿ ತೆಗೆದು ಲಾಕರಿನಲ್ಲಿಟ್ಟಿದ್ದಾರೆ. ಮಧ್ಯದಲ್ಲಿ ಬಿಟ್ಟವರಿಗೆ ಅದು ಸಿಕ್ಕಿದ್ದು ನಾನು ಕಂಡಿಲ್ಲ.

ನಿಮ್ಮ ನಾಲ್ಕು ಸಾವಿರ ಜನ ಎಲ್ಲಿ ಕೂರುತ್ತಿದ್ದರು ಮಾವ?

ಅಮಿತಾ


ನಾವುಂದ
25 ಜೂನ್ 2025

ಅಮಿತಾ ಮಗಾ,

ಕೂರುವುದಾ? ನನ್ನ ಹೋಟೆಲಿನಲ್ಲಿ ಒಬ್ಬೊಬ್ಬನಿಗೆ ಎರಡೆರಡು ಕುರ್ಚಿ ಇತ್ತು. ಒಂದು ಕೂರಲು, ಇನ್ನೊಂದು ಕಾಲು ಚಾಚಲು.

ನಿನ್ನ ಸಮಸ್ಯೆ ಇಷ್ಟು ಸಣ್ಣದು ಎಂದು ಗೊತ್ತಿದ್ದರೆ ನಾನು ಚಹಾ ಕುಡಿಯುವ ಮೊದಲೇ ಪರಿಹರಿಸುತ್ತಿದ್ದೆ. ಕ್ಯಾಮೆರಾಕ್ಕೆ ಇರುವುದು ಒಂದೇ ಕಣ್ಣು, ಅದೂ ಕುತ್ತಿಗೆ ತಿರುಗಿಸಲಾಗದ ಕಣ್ಣು. ನಿಮ್ಮ ಅಂಗಡಿಯಲ್ಲಿ ಸೀರೆ ಉಡಿಸಿದ ಬೊಂಬೆಗಳಿವೆಯಲ್ಲ, ಅವುಗಳಲ್ಲಿ ಎತ್ತರದ ಒಂದನ್ನು ಹೊಸ ಸೀರೆ ಉಡಿಸಿ ಅಪ್ಪಿಯ ಪೆಟ್ಟಿಗೆಯ ಕಡೆ ನೋಡುವ ಕ್ಯಾಮೆರಾದ ನೇರಕ್ಕೆ ನಿಲ್ಲಿಸು. ಹಿಂದೆ ಅಪ್ಪಿ ಕೂರಲಿ, ಅಕ್ಕು ಕೂರಲಿ, ನೀನೂ ಕೂರು. ಧಣಿ ಊಟ ಮಾಡುತ್ತ ಬೊಂಬೆಯ ಸೊಂಟ ನೋಡಿಕೊಂಡಿರಲಿ.

ಇಲ್ಲಿ ನನ್ನ ಮೇಲೂ ಪಿತೂರಿ ನಡೆದಿದೆ. ನಿನ್ನ ಅತ್ತೆ ಹಾಲು ಮಾರಿದ ದುಡ್ಡು ಒಟ್ಟು ಮಾಡಿ ನನ್ನ ಕಿವಿಗೆ ಮಿಷನ್ ಹಾಕಿಸುತ್ತಾಳಂತೆ. ಕುಂದಾಪುರದ ಡಾಕ್ಟರಲ್ಲಿ ವಿಚಾರಿಸಿಯೂ ಆಯಿತು, ದೀಪಾವಳಿಯ ಹೊತ್ತಿಗಂತೆ. ದುಡ್ಡು ಕಪಾಟಿನಲ್ಲಿ, ಅವಳ ಮದುವೆಯ ಸೀರೆಯ ಮಡಿಕೆಯೊಳಗಿದೆ. ನನಗೆ ಗೊತ್ತಿಲ್ಲವೆಂದು ತಿಳಿದಿದ್ದಾಳೆ. ನಾನು ಹೇಳಿದೆ, ನನಗೆ ಮಿಷನ್ ಬೇಡ ಮಾರಾಯ್ತಿ, ನಿನ್ನ ಬಾಯಿಗೆ ಒಂದು ಸ್ಪೀಕರ್ ಹಾಕಿಸು. ಅವಳು ಏನೋ ಹೇಳಿದಳು. ಒಳ್ಳೆಯದಲ್ಲವೆಂದು ಮುಖ ನೋಡಿ ಗೊತ್ತಾಯಿತು.

ಬೊಂಬೆಯ ಕಥೆ ಏನಾಯಿತು ಎಂದು ಬರೆ.

ಮಾವ
ಮಂಜಯ್ಯ


ನಾವುಂದ
20 ಜುಲೈ 2025

ಅಮಿತಾ,

ಕಾಗದ ಇಲ್ಲ. ಗೋಪಿ ಎರಡು ಸಲ ಅಂಗಡಿಯ ಎದುರು ಬಸ್ಸು ನಿಲ್ಲಿಸಿ ಹಾರ್ನ್ ಹೊಡೆಸಿದನಂತೆ. ನೀನು ಮೇಲಿನ ಕಿಟಕಿಯಿಂದ ನೋಡಿ ಒಳಗೆ ಹೋದೆಯಂತೆ. “ನಿಮ್ ಸೊಸಿ ಮೋರಿ ಸಪ್ಪಗಿತ್ತ್ ಮಂಜಣ್ಣ” ಎಂದ. ಅದನ್ನು ಅವನು ಬಸ್ಸಿನ ಮೆಟ್ಟಿಲಿನಲ್ಲಿ ನಿಂತು ಇಡೀ ನಾವುಂದಕ್ಕೆ ಕೇಳುವಂತೆ ಕೂಗಿ ಹೇಳಿದ್ದರಿಂದ ನನಗೂ ಕೇಳಿತು.

ಸಿಟ್ಟಿದ್ದರೆ ಸಿಟ್ಟೆಂದಾದರೂ ಬರೆ. ಇದರ ಜೊತೆ ಹಲಸಿನ ಹಪ್ಪಳ ಇದೆ. ಗೋಪಿ ಅರ್ಧ ತಿನ್ನುತ್ತಾನೆ, ಉಳಿದದ್ದು ನಿನಗೆ.

ಮಾವ


ಬ್ರಹ್ಮಾವರ
3 ಆಗಸ್ಟ್ 2025

ಮಾವ,

ಸಿಟ್ಟು ನಿಮ್ಮ ಮೇಲಲ್ಲ.

ಬೊಂಬೆ ಇಟ್ಟೆ. ಒಂದು ವಾರ ಎಲ್ಲರೂ ಸ್ವಲ್ಪ ಸ್ವಲ್ಪ ಕೂತರು. ಅಕ್ಕು ಕೂತಾಗಲೆಲ್ಲ ಬೊಂಬೆಗೆ ಕೈ ಮುಗಿಯುತ್ತಿದ್ದಳು. ಆಮೇಲೆ ಆಸಾಡಿ ಸೇಲಿನ ಮಧ್ಯೆ ಒಂದು ದಿನ ಧಣಿ ಫೋನ್ ಮಾಡದೆ ನೇರ ಮೇಲೆ ಬಂದರು. ಬೊಂಬೆಯ ಎದುರು ನಿಂತು ಕ್ಯಾಮೆರಾ ನೋಡಿದರು, ಹಿಂದಿದ್ದ ಪೆಟ್ಟಿಗೆ ನೋಡಿದರು.

“ಈ ಬೊಂಬಿ ಇಲ್ಲಿಗ್ ಹ್ಯಾಂಗ್ ಬಂತ್? ಇದ್ಕ್ ಕಾಲ್ ಬಂತಾ?”

ನನ್ನ ಬಾಯಿ ತೆರೆದಿತ್ತು ಮಾವ. ತೆರೆದೇ ಇತ್ತು. ಅಷ್ಟರಲ್ಲಿ ಅಪ್ಪಿಯಕ್ಕ ಹೇಳಿದರು: “ನಾನ್ ಇಟ್ಟದ್ದ್ ಧಣಿ. ಹೊಸ ಸೀರಿ ಬಂದೋರಿಗ್ ಎದ್ರೇ ಕಾಣ್ಲಿ ಅಂದೇಳಿ.”

ನಾನು ಬಾಯಿ ಮುಚ್ಚಿದೆ.

ಅಪ್ಪಿಯಕ್ಕನನ್ನು ಸೀರೆ ಮಹಡಿಯಿಂದ ಇಳಿಸಿ ಕೆಳಗೆ ಬಾಗಿಲಿಗೆ ಹಾಕಿದ್ದಾರೆ. ಬಂದವರಿಗೆಲ್ಲ ಕೈ ಮುಗಿದು ಪನ್ನೀರು ಚಿಮುಕಿಸುವ ಕೆಲಸ. ಅಲ್ಲಿ ಪೆಟ್ಟಿಗೆಯೂ ಇಲ್ಲ, ಒರಗಲು ಕಂಬವೂ ಇಲ್ಲ. ಮೇಲೆ ಹತ್ತುವಾಗ ಕೈಗಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತುತ್ತಾರೆ. ನನ್ನೊಡನೆ ಮೊದಲಿನ ಹಾಗೆಯೇ ಮಾತಾಡುತ್ತಾರೆ, ಅದೇ ಕಷ್ಟ. “ನೀ ಎಂತಕ್ ಮೋರಿ ಹಾಂಗ್ ಮಾಡ್ತೆ ಹೆಣೆ? ನಿನ್ ಪಟ್ಟಿ ಅವ್ರ್ ಲಾಕರಂಗಿತ್ತ್. ನಂದೆಂತ ಇತ್ತ್ ಅಲ್ಲಿ?” ಎಂದರು.

ಈಗ ಧಣಿ ಒಂದು ಕಾಗದ ಟೈಪ್ ಮಾಡಿಸಿ ತಂದಿದ್ದಾರೆ. ಅಪ್ಪಿಯಕ್ಕನ ಶರೀರ ಈ ಕೆಲಸಕ್ಕೆ ಒಗ್ಗುವುದಿಲ್ಲವೆಂದು ಇನ್‌ಚಾರ್ಜ್ ಆದ ನಾನು ಸಹಿ ಹಾಕಬೇಕು. ಹಾಕಿದರೆ ಚೌತಿಯ ಮೊದಲು ಅವರನ್ನು ಬರಿಗೈಯಲ್ಲಿ ಕಳಿಸುತ್ತಾರೆ. ಅವರ ಮನೆಯಲ್ಲಿ ಒಲೆ ಉರಿಯುವುದು ಈ ಸಂಬಳದಲ್ಲೇ. ಹಾಕದಿದ್ದರೆ ನನ್ನ ಅಂಕಪಟ್ಟಿ ನಾನು ಮುದುಕಿಯಾದ ಮೇಲೆ ಬಂದು ತೆಗೆದುಕೊಂಡು ಹೋಗಬಹುದಂತೆ. ನಗುತ್ತಲೇ ಹೇಳಿದರು.

ಬೊಂಬೆಯ ಉಪಾಯ ನಿಮ್ಮದು, ಇಟ್ಟದ್ದು ನಾನು, ನಿಂತಿರುವುದು ಅವರು.

ಅಮಿತಾ


ನಾವುಂದ
7 ಆಗಸ್ಟ್ 2025

ಅಮಿತಾ,

ಸಹಿ ಹಾಕಬೇಡ. ಹಾಕುವುದಿಲ್ಲ ಎಂದೂ ಹೇಳಬೇಡ. ನಮ್ಮ ಕಡೆಯ ಆಸಾಡಿ ತಿಂಗಳು ಮುಗಿದ ಮೇಲೆ ಒಳ್ಳೆಯ ದಿನ ನೋಡಿ ಹಾಕುತ್ತೇನೆ ಎನ್ನು. ಆಸಾಡಿಯಲ್ಲಿ ಯಾರೂ ಏನೂ ಶುರು ಮಾಡುವುದಿಲ್ಲವೆಂದು ಅವನಿಗೂ ಗೊತ್ತಿರುತ್ತದೆ.

ನಿನಗೆ ಒಂದು ಸಂಗತಿ ಹೇಳುತ್ತೇನೆ. ಮುಂಬಯಿಯ ಆ ಹೋಟೆಲಿನಲ್ಲಿ ಪಾತ್ರೆ ತೊಳೆಯುವವನೊಬ್ಬನಿದ್ದ. ನಮ್ಮ ನಾವುಂದದವನೇ, ಹೆಸರು ಬೇಡ. ತೊಳೆಯುವ ಕಡೆ ಕೂರಲು ಏನಾದರೂ ಇಟ್ಟರೆ ಕೈ ನಿಧಾನವಾಗುತ್ತದೆ ಎಂದು ಮಾಲಕರ ಕಟ್ಟಳೆ. ಪಕ್ಕದಲ್ಲೇ ಹಿಟ್ಟು ರುಬ್ಬುವ ಯಂತ್ರ, ಬೆಳಗಿನಿಂದ ಗಡಗಡ. ಒಂದು ದಿನ ಅವನು ಎಣ್ಣೆ ಡಬ್ಬ ಮಗುಚಿ ಹಾಕಿ ಕೂತ. ಮ್ಯಾನೇಜರ್ ಬಂದವನು ಡಬ್ಬಕ್ಕೆ ಒದ್ದ. ಇವನು ತೊಳೆದ ನೀರಿನಲ್ಲಿ ಬಿದ್ದ. ಬಿದ್ದದ್ದು ದೊಡ್ಡದಲ್ಲ. ಸುತ್ತ ಇದ್ದವರೆಲ್ಲ ನಕ್ಕರು, ಬಿದ್ದವನೂ ಅವರ ಜೊತೆ ನಕ್ಕ. ಇಲ್ಲದಿದ್ದರೆ ಕೆಲಸ ಹೋಗುತ್ತಿತ್ತು.

ಆ ಮ್ಯಾನೇಜರ್ ಕೆಟ್ಟವನಲ್ಲ ಮಗಾ. ಬೈಂದೂರು ಕಡೆಯವನು. ಹಬ್ಬಕ್ಕೆ ತನ್ನ ದುಡ್ಡಿನಲ್ಲಿ ನಮಗೆ, ಅಂದರೆ ಅವರಿಗೆ, ಅಂಗಿ ತಂದುಕೊಡುತ್ತಿದ್ದ. ಆ ಹೊತ್ತಿಗೆ ಗಲ್ಲಾದಲ್ಲಿ ಕೂತ ಮಾಲಕ ನೋಡುತ್ತಿದ್ದ, ಅದಕ್ಕೆ ಒದ್ದ. ಮೇಲಿನವರು ನೋಡುತ್ತಿದ್ದಾರೆಂದು ಕೆಳಗಿನವರಿಗೆ ಒದೆಯುವುದು ಒಂದು ಸಲ ಅಭ್ಯಾಸವಾದರೆ ಆಮೇಲೆ ಕಾಲು ಕೇಳುವುದಿಲ್ಲ. ನಿನ್ನ ಕಾಲು ಇನ್ನೂ ನಿನ್ನ ಮಾತು ಕೇಳುತ್ತಿದೆ, ಅದಕ್ಕೇ ನಿನಗೆ ಸಂಕಟ.

ರಾಜೇಂದ್ರ ಅಂಗಡಿಯಲ್ಲೇ ಇರುವ ದಿನ ಯಾವುದೆಂದು ಗೋಪಿಗೆ ಹೇಳಿ ಕಳಿಸು. ಅವತ್ತು ಯಾರೇ ಬಂದರೂ ನಿನಗೆ ಗುರುತಿಲ್ಲ. ಯಾರೇ ಅಂದರೆ ಯಾರೇ.

ಮಾವ


ಬ್ರಹ್ಮಾವರ
21 ಆಗಸ್ಟ್ 2025

ಮಾವ,

ಅಮ್ಮನಿಗೆ ತೋರಿಸಲಾಗದ ಕಾಗದ ಇದು. ನೀವೇ ಇದ್ದಿರಿ, ಆದರೂ ಬರೆಯುತ್ತೇನೆ. ನಿಮಗೆ ಎಷ್ಟು ಕೇಳಿತೋ ನನಗೆ ಗೊತ್ತಿಲ್ಲ.

ಯಾರದೋ ಬಿಳಿ ಕಾರಿನಿಂದ ನೀವು ಇಳಿದದ್ದು ಕಿಟಕಿಯಿಂದ ಕಂಡೆ. ಇಸ್ತ್ರಿ ಮಾಡಿದ ಅಂಗಿ, ಜರಿ ಪಂಚೆ, ಕೈಯಲ್ಲಿ ಎಂದೋ ನಿಂತುಹೋದ ಆ ಚಿನ್ನದ ಬಣ್ಣದ ವಾಚು. ನಾನು ಕೆಳಗೆ ಓಡಿದೆ. ಧಣಿ ಎದ್ದು ಬಂದು “ಯಾವ್ ಊರಾಯ್ತ್ ಶೆಟ್ರೆ?” ಎಂದು ಕೇಳಿದರು. ನೀವು ಉತ್ತರವನ್ನೇ ಕೊಡಲಿಲ್ಲ. ಕೇಳಿಸಿರಲಿಲ್ಲ ಎಂದು ನನಗೆ ಗೊತ್ತು. ಅವರು ಅದನ್ನು ದೊಡ್ಡಸ್ತಿಕೆ ಎಂದುಕೊಂಡು ಇನ್ನೂ ಬಗ್ಗಿದರು.

ನೀವು ಬಾಗಿಲಲ್ಲೇ ನಿಂತು ಪನ್ನೀರಿನ ಅಪ್ಪಿಯಕ್ಕನನ್ನು ಕೇಳಿದಿರಿ: “ನಿಮ್ಗ್ ಸೀರಿ ತೋರ್ಸುಕ್ ಬತ್ತಾ?”

“ಬತ್ತಿತ್ತ್. ಈಗ ಬಾಗ್ಲ್ ತೋರ್ಸುದ್.”

ನನಗೆ ನಗುವೂ ಅಳುವೂ ಒಟ್ಟಿಗೆ ಬಂತು.

ಮೇಲೆ ಬಂದ ಮೇಲೆ ಧಣಿ ನಿಮಗೆ ಕುರ್ಚಿ ಎಳೆದು “ಕೂಕಣಿ” ಎಂದರು. ನೀವು ಅಪ್ಪಿಯಕ್ಕನ ಕಡೆ ಕೈ ತೋರಿಸಿ “ಅವ್ರ್?” ಎಂದಿರಿ.

“ಅವ್ರ್ ನಿಂತೇ ತೋರ್ಸುದ್ ಶೆಟ್ರೆ. ಇಲ್ಲಿ ಹಾಂಗೇ.”

“ಹಾಂಗಾರೆ ನಾ ಹೋತೆ. ಮಗ್ಳ್ ಮದಿ ಧಾರೆ ಸೀರಿ ಇದ್. ನಿಂತ್ ತೋರ್ಸಿದ್ ಸೀರಿ ನಮ್ಮನಿಯಂಗೆ ಧಾರಿಗ್ ಉಡುಕಿಲ್ಲೆ. ಹಿಂದೆ ಜವ್ಳಿ ಅಂಗ್ಡಿಯಂಗೆ ಗಾದಿ ಇರ್ತಿತ್ತಲೆ? ಕೊಡೋರೂ ಕೂಕಂಬುದ್, ತಕಂಬೋರೂ ಕೂಕಂಬುದ್. ಧಾರೆ ಸೀರಿಯ ಬಸ್ ಟಿಕೆಟ್ ಹಾಂಗೆ ನಿಂತ್ಕಂಡ್ ಹರ್ದ್ ಕೊಡುದಾ?”

ನಿಮಗೆ ಮಗಳೇ ಇಲ್ಲ ಮಾವ. ನಮ್ಮ ಮನೆಯಲ್ಲಿ ಅಂಥ ಕಟ್ಟಳೆಯೂ ಇಲ್ಲ. ಆದರೆ ಧಣಿಯ ಮುಖ ನೋಡಿದಿರಾ? ಒಮ್ಮೆಲೇ ಮೆತ್ತಗಾಯಿತು. “ನಮ್ಮಪ್ಪಯ್ಯನ ಅಂಗ್ಡಿಯಂಗೆ ಗಾದಿ ಇತ್ತ್ ಮರ್ರೆ. ನಾ ಸಣ್ಣಿಪ್ಪತಿಗೆ ಅದ್ರ್ ಮೇಲೇ ನಿದ್ರಿ ಮಾಡ್ತಿದ್ದೆ” ಎಂದರು. ಆ ಮನುಷ್ಯ ಚಿಕ್ಕವನಾಗಿದ್ದದ್ದೂ ಉಂಟು ಎಂದು ನನಗೆ ಅದುವರೆಗೆ ಹೊಳೆದಿರಲಿಲ್ಲ.

ಆಮೇಲಿನದು ನೀವೇ ನೋಡಿದಿರಿ. ಕಿಟಕಿಯ ಬದಿಯ ಕಟ್ಟೆಯಿಂದ ಬೊಂಬೆಗಳನ್ನು ಇಳಿಸಿದೆವು, ಹಾಸಿಗೆ ಹಾಕಿ ಬಿಳಿ ಬಟ್ಟೆ ಹೊದಿಸಿದೆವು. ಅಪ್ಪಿಯಕ್ಕ ಕೂತರು. ಕೂತ ಕೂಡಲೇ ಸೀರೆ ತೆಗೆಯಲಿಲ್ಲ, ಕಾಲು ಮಡಚಿ ಸೆರಗು ಮುಚ್ಚಿ ಒಂದು ಉಸಿರು ಬಿಟ್ಟರು. ಆಮೇಲೆ ಸೆರಗು ಹರಡಿದರು ನೋಡಿ, ಗಾದಿಯ ಈ ತುದಿಯಿಂದ ಆ ತುದಿಗೆ. ಸಾಲಿಗ್ರಾಮದಿಂದ ಮೊಮ್ಮಗಳ ಮದುವೆಯ ಸೀರೆಗೆ ಬಂದಿದ್ದ ಒಬ್ಬ ಅಜ್ಜಿ “ಅಯ್ಯೋ, ಹೀಂಗೆ ಕಾಂಬುದೇ ಚೆಂದ” ಎಂದು ಕಟ್ಟೆಯ ಅಂಚಿನಲ್ಲಿ ಕೂತೇ ಬಿಟ್ಟರು. ಅವರ ಹಿಂದೆ ಇನ್ನಿಬ್ಬರು. ನೀವು ಹೋದ ಮೇಲೂ ಅಂಗಡಿ ಮುಚ್ಚುವವರೆಗೆ ಗಾದಿ ಖಾಲಿಯಾಗಲಿಲ್ಲ.

ಆದರೆ ಮಾವ, ನೀವು ಸೀರೆಗಳನ್ನು ಬದಿಗಿಡಿಸಿ “ಹೆಂಗಸ್ರನ್ ಕರ್ಕಂಡ್ ಬತ್ತೆ” ಎಂದು ಹೊರಟಾಗ ಧಣಿ “ಅಡ್ವಾನ್ಸ್ ಕೊಟ್ಟೇ ಹೋಯ್ಕ್ ಶೆಟ್ರೆ” ಎಂದರು. ನೀವು ಕೇಳದ ಹಾಗೆ ಮಾಡಿದಿರಿ. ಅವರು ಹತ್ತಿರ ಬಂದು ಕಿವಿಯಲ್ಲೇ ಹೇಳಿದರು. ಆಮೇಲೆ ಹೆಗಲ ಮೇಲೆ ಕೈ ಹಾಕಿ ತಮ್ಮ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ನೀವು ಹೊರಗೆ ಬಂದಾಗ ಎಷ್ಟು ಎಂದು ಕೇಳಲು ಆಗಲಿಲ್ಲ. “ಮತ್ತೆ ಬನ್ನಿ ಸರ್” ಎಂದೆ. ನೀವು ನನ್ನ ಮುಖ ನೋಡಲಿಲ್ಲ.

ಎಷ್ಟು ಕೊಟ್ಟಿರಿ?

ಅಮಿತಾ


ನಾವುಂದ
25 ಆಗಸ್ಟ್ 2025

ಅಮಿತಾ,

ನನ್ನ ಅಭಿನಯ ಹೇಗಿತ್ತು? ಯಕ್ಷಗಾನದವರು ನನ್ನನ್ನು ಬಿಟ್ಟು ದೊಡ್ಡ ನಷ್ಟ ಮಾಡಿಕೊಂಡರು. ಕಾರು ಗೋಪಿಯ ಭಾವನದು. ಭಾವನಿಗೆ ಅದರ ವಿಷಯ ಇನ್ನೂ ಗೊತ್ತಿಲ್ಲ.

ಅಡ್ವಾನ್ಸಾ? ಇನ್ನೂರು ರೂಪಾಯಿ ಬಿಸಾಡಿ ಬಂದೆ. ಅದರ ಚಿಂತೆ ನಿನಗೆ ಯಾಕೆ? ನೀನು ಧಣಿಯ ಹತ್ತಿರ ಹೋಗಿ ಅವರು ನನ್ನ ಮಾವ, ದುಡ್ಡು ವಾಪಸು ಕೊಡಿ ಎಂದು ಹೇಳುವ ಹುಚ್ಚು ಕೆಲಸ ಮಾಡಬೇಡ. ಹೇಳಿದರೆ ಆ ಗಾದಿಯನ್ನು ಅವತ್ತೇ ಸುತ್ತಿ ಮೂಲೆಗಿಡುತ್ತಾನೆ, ಅಪ್ಪಿ ಮತ್ತೆ ಬಾಗಿಲಿಗೆ, ನೀನು ಬೀದಿಗೆ.

ಒಂದೇ ತಪ್ಪಾಯಿತು. ಅವನು ಹೆಸರು ಕೇಳಿದಾಗ ಬಾಯಿತಪ್ಪಿ ನಿಜವಾದ ಹೆಸರನ್ನೇ ಹೇಳಿದೆ. ಅಷ್ಟು ಮರ್ಯಾದೆ ಕೊಟ್ಟು ಹೆಸರು ಕೇಳಿದವರು ಕಡಿಮೆ, ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ಮಾವ
ಮಂಜಯ್ಯ


ಬ್ರಹ್ಮಾವರ
12 ಅಕ್ಟೋಬರ್ 2025

ಮಾವ,

ಇಷ್ಟು ದಿನ ಬರೆಯದಿದ್ದಕ್ಕೆ ಬೈಯಬೇಡಿ. ಹೇಳಲು ಏನಾದರೂ ಆಗಲಿ ಎಂದು ಕಾದೆ.

ಗಾದಿ ಉಳಿದಿದೆ. ಧಾರೆ ಸೀರೆಯ ಗಿರಾಕಿಗಳು ಕೇಳಿಕೊಂಡೇ ಬರುತ್ತಾರೆ. ಧಣಿ ಎಲ್ಲರಿಗೂ “ಮುಂಬಯಿ ಮಂಜಯ್ಯ ಶೆಟ್ರ ಮನೆ ಕಟ್ಟಳೆ ಇದ್” ಎಂದು ಹೇಳಿ ತೋರಿಸುತ್ತಾರೆ. ಆದ್ದರಿಂದ ನೀವು ಈ ಪೇಟೆಯಲ್ಲಿ ಬಸ್ಸಿನಿಂದ ಇಳಿಯುವ ಹಾಗಿಲ್ಲ. ಅಪ್ಪಿಯಕ್ಕನ ಮೇಲಿನ ಕಾಗದವನ್ನು ಅವರು ಹರಿದು ಹಾಕಿಲ್ಲ, ನನ್ನ ಸಹಿ ಇಲ್ಲದೆ ಡ್ರಾಯರಿನಲ್ಲಿದೆ. ವ್ಯಾಪಾರ ಇಳಿದರೆ ಹೊರಗೆ ಬರುತ್ತದೆ.

ಆದರೆ ಗಾದಿಯಲ್ಲಿ ಕೆಲಸದವರಲ್ಲಿ ಇಬ್ಬರಿಗೇ ಜಾಗ. ಉಳಿದವರು ನಿಂತೇ ಇದ್ದರು. ಅಪ್ಪಿಯಕ್ಕ ಮೂರನೆಯ ದಿನ ಅಲ್ಲಿಂದ ಎದ್ದು ಅಕ್ಕುವನ್ನು ಕರೆದರು: “ನಂಗ್ ಪಾಳಿ ಸಾಕ್. ಬೇರೆಯೋರ್ ಕಾಲೂ ಕಾಲೇ.” ಇದನ್ನು ಹೇಳಬೇಕಾದವಳು ನಾನಾಗಿದ್ದೆ.

ಅವತ್ತೇ ಎಲ್ಲರನ್ನೂ ಕರೆದೆ. ಧಣಿಯೂ ಇದ್ದರು. ಬೊಂಬೆ ಇಟ್ಟದ್ದು ಅಪ್ಪಿಯಕ್ಕ ಅಲ್ಲ, ನಾನು ಎಂದೆ. ಧಣಿ ಕೇಳಿದರು: “ನಿಂಗ್ ಇನ್‌ಚಾರ್ಜ್ ಬ್ಯಾಡ್ದಾ?” “ಬೇಕ್ ಧಣಿ. ಆರೆ ಇಟ್ಟದ್ದ್ ನಾನೇ.” ಕೆಲಸದಿಂದ ತೆಗೆಯಲಿಲ್ಲ. ಅಂಕಪಟ್ಟಿ ಮುಂದಿನ ವರ್ಷದ ದೀಪಾವಳಿ ಕಳೆದ ಮೇಲೆ ನೋಡುವ ಎಂದರು. ಉಡುಪಿಯ ಒಂದು ಅಂಗಡಿಯಿಂದ ಕರೆ ಬಂದಿತ್ತು, ಪಟ್ಟಿ ಇಲ್ಲದೆ ಅದು ಕೈತಪ್ಪಿತು.

ಈಗ ಗಾದಿಯೂ ಪಾಳಿ, ಬಾಗಿಲೂ ಪಾಳಿ. ಬಾಗಿಲಿನ ಪಾಳಿಯಲ್ಲಿ ನನ್ನ ಹೆಸರೂ ಇದೆ. ಸೋಮವಾರ ನಾನು ಪನ್ನೀರು ಹಿಡಿದು ನಿಲ್ಲುತ್ತೇನೆ. ಸಂಜೆಯ ಹೊತ್ತಿಗೆ ಹಿಮ್ಮಡಿಯಿಂದ ಸೊಂಟದವರೆಗೆ ಬೆಂಕಿ. ಹೋಗಬೇಕೆಂದರೂ ಹೋಗಲಾಗದು, ಈಗ ಲಾಕರಿನ ಬೀಗ ತೆಗೆದುಕೊಟ್ಟರೂ ಹೋಗಲು ಕಾಲು ಬರುತ್ತದೋ ಇಲ್ಲವೋ. ನಾನು ಹೋದ ಮರುದಿನ ಪಾಳಿ ನಿಲ್ಲುತ್ತದೆ. ಮೊದಲು ಬೇರೆಯವರು ನನ್ನನ್ನು ಕಟ್ಟಿಹಾಕಿದ್ದರು, ಈಗ ಗಂಟಿನ ಒಂದು ಎಳೆ ನಾನೇ ಹಿಡಿದಿದ್ದೇನೆ.

ಅಮ್ಮನ ಕಾಗದ ಬಂತು. ಅತ್ತೆ ನಿಮ್ಮ ಹತ್ತಿರ ಮಾತು ಬಿಟ್ಟಿದ್ದಾರಂತೆ. ಕಪಾಟಿನ ಸೀರೆಯ ಮಡಿಕೆ ಖಾಲಿಯಂತೆ, ನೀವು ಇಸ್ಪೀಟಿನಲ್ಲಿ ಕಳೆದೆ ಎಂದಿರಂತೆ. ಅತ್ತೆ ಅಮ್ಮನ ಹತ್ತಿರ ಹೇಳಿದ್ದನ್ನೂ ಬರೆಯುತ್ತೇನೆ, ಸಿಟ್ಟಾಗಬೇಡಿ: “ನಾಲ್ಕ್ ಸಾವ್ರ ಜನ ಅಂಬ್ರ್, ನಾಲ್ಕ್ ಸಾವ್ರ ಜನ! ಇವ್ರ್ ಕೈ ಕೆಳ್ಗ್ ಇದ್ದದ್ದ್ ನಾಲ್ಕ್ ಸಾವ್ರ ಲೋಟ.”

ಗೋಪಿಯ ಹತ್ತಿರ ನೀವು ಎರಡು ಲಕ್ಷ ಅಡ್ವಾನ್ಸ್ ಕೊಟ್ಟೆ ಎಂದಿದ್ದೀರಿ. ನನಗೆ ಇನ್ನೂರು. ಅತ್ತೆಗೆ ಇಸ್ಪೀಟು. ನಿಜ ಎಷ್ಟು? ಕೇಳುವ ಹಕ್ಕು ನನಗೆ ಇದೆ ಮಾವ.

ಮತ್ತೆ, ಆ ನಾವುಂದದವರು, ಪಾತ್ರೆ ತೊಳೆಯುತ್ತಿದ್ದವರು. ಅವರ ಕಾಲು ಈಗ ಹೇಗಿದೆ?

ಅಮಿತಾ


ನಾವುಂದ
2 ನವೆಂಬರ್ 2025

ಅಮಿತಾ ಮಗಾ,

ಅವನ ಕಾಲು ಚೆನ್ನಾಗಿದೆ. ಕಿವಿ ಮಾತ್ರ ಆ ರುಬ್ಬುವ ಯಂತ್ರದ ಹತ್ತಿರವೇ ಉಳಿಯಿತು.

ಸೋಮವಾರ ನೀನು ಬಾಗಿಲಲ್ಲಿ ನಿಲ್ಲುತ್ತೀ ಎಂದು ಓದಿ ನಾನು ಪೇಟೆಗೆ ಹೋಗಿ ಹೇಳಬೇಕೆಂದುಕೊಂಡೆ. ಏನು ಹೇಳುವುದೆಂದು ಹೊಳೆಯಲಿಲ್ಲ. ನಿಜವನ್ನು ಹೇಗೆ ಹೊಗಳುವುದೆಂದು ನಾನು ಕಲಿತೇ ಇಲ್ಲ. ಹೋಗದೆ ಬಂದೆ.

ದೀಪಾವಳಿ ಕಳೆಯಿತು. ಕುಂದಾಪುರದ ಡಾಕ್ಟರ ಹತ್ತಿರ ಹೋಗಲಿಲ್ಲ. ನಿನ್ನ ಅತ್ತೆ ಅನ್ನ ಬಡಿಸುತ್ತಾಳೆ, ಆದರೆ ತುಟಿ ಅಲ್ಲಾಡಿಸುವುದಿಲ್ಲ. ನನಗೆ ಮಾತು ಕೇಳುತ್ತಿದ್ದದ್ದು ಅವಳ ತುಟಿಯಿಂದಲೇ. ಈಗ ಮನೆಯೊಳಗೆ ನಾನು ನೀರಿನಡಿಯ ಮನುಷ್ಯ. ನಿಜ ಹೇಳೋಣವೆಂದರೆ ಅವಳಿಗೆ ಹೇಳಿದ್ದು ಉಮಾವತಿಗೆ, ಉಮಾವತಿಗೆ ಹೇಳಿದ್ದು ಗೋಪಿಯ ಬಸ್ಸಿಗೆ, ಬಸ್ಸಿಗೆ ಹೇಳಿದ್ದು ಬ್ರಹ್ಮಾವರಕ್ಕೆ. ಆಮೇಲೆ ನಿಮ್ಮ ಗಾದಿ ಎಲ್ಲಿರುತ್ತದೆ? ಅದಕ್ಕೆ ಇಸ್ಪೀಟೇ ಇರಲಿ. ಮುಂಬಯಿ ಮಂಜಯ್ಯ ಶೆಟ್ರ ಕಟ್ಟಳೆ ಎಂದು ಒಂದು ಊರು ಹೇಳುತ್ತಿದೆಯಲ್ಲ, ಆ ಮಾತು ಕೇಳಲು ಆ ಊರಿಗೆ ನಾನು ಹೋಗುವ ಹಾಗಿಲ್ಲ, ಹೋದರೂ ಕೇಳುವುದಿಲ್ಲ.

ನಿನಗೆ ಒಂದೇ ಕೆಲಸ. ನಿನ್ನ ಕಾಲು ನೋಯುವ ದಿನ ಪಾಳಿ ಬದಲಿಸಿಕೊಳ್ಳಬೇಡ, ಹಾಗೆಂದು ನೋಯುವುದಿಲ್ಲ ಎಂದೂ ನಟಿಸಬೇಡ. ಅಪ್ಪಿಗೆ ಹೇಳು. ಅವರಿಗೆ ಎಣ್ಣೆ ತಿಕ್ಕುವ ಕ್ರಮ ಗೊತ್ತಿರುತ್ತದೆ. ಮತ್ತೆ ಅಕ್ಕು ಗಾದಿಯಲ್ಲಿ ಕೂತಾಗ ಹೇಗೆ ಕೂರುತ್ತಾಳೆ, ಯಾರು ಏನೆಂದರು, ಅಜ್ಜಿಯಂದಿರು ಯಾವ ಬಣ್ಣ ಕೇಳಿದರು, ಎಲ್ಲ ಬರೆಯುತ್ತಿರು. ದೊಡ್ಡ ಅಕ್ಷರದಲ್ಲಿ ಬೇಡ. ಕಣ್ಣು ಇನ್ನೂ ನನ್ನದೇ.

ಈ ಕಾಗದ ಓದಿ ಒಲೆಗೆ ಹಾಕು.

ನಿನ್ನ ಮಾವ,
ಮಂಜಯ್ಯ

ತಾ.ಕ.: ಇನ್ನೂರೂ ಅಲ್ಲ, ಎರಡು ಲಕ್ಷವೂ ಅಲ್ಲ. ಸೀರೆಯ ಮಡಿಕೆಯೊಳಗೆ ಇದ್ದದ್ದು ಅಷ್ಟೂ. ಹತ್ತೊಂಬತ್ತು ಸಾವಿರದ ನಾನೂರು.